ಕೋಡಿ ಬಿತ್ತು, ಕೂಲಿ ಎಲ್ಲಿ? ಹಬ್ಬುವ ನಗೆಯ ಬಗ್ಗೆ ಕೆಲವು ಮಾತು

1

ಕನ್ನಡದ ವಿಮರ್ಶಕರು ಹಾಸ್ಯದ ಬಗ್ಗೆ ಬರೆದಾಗಲೆಲ್ಲ ಪುಸ್ತಕದ ಹಾಸ್ಯವನ್ನೇ ಹಿಡಿದು ಬರೆದಿದ್ದಾರೆ. ಬರೆದವನಿಗೆ ಹೆಸರಿರಬೇಕು, ಪುಸ್ತಕಕ್ಕೆ ಮುನ್ನುಡಿ ಇರಬೇಕು, ಆಗ ಮಾತ್ರ ಅದು ಸಾಹಿತ್ಯ. ಆದರೆ ನಮ್ಮ ಜನ ಇವತ್ತು ದಿನಕ್ಕೆ ಹತ್ತು ಸಲ ನಗುವುದು ಯಾವ ಪುಸ್ತಕ ಓದಿಯೂ ಅಲ್ಲ. ಅಂಗೈಯಲ್ಲಿರುವ ಫೋನು ಸದ್ದು ಮಾಡುತ್ತೆ. ಒಂದು ಚಿತ್ರ, ಅದರ ಮೇಲೆ ಎರಡು ಸಾಲು, ಒಂದು ನಗು. ನಕ್ಕವನು ಅದನ್ನು ಇನ್ನೈದು ಜನಕ್ಕೆ ದಾಟಿಸುತ್ತಾನೆ. ಯಾರು ಬರೆದರು ಅಂತ ಯಾರೂ ಕೇಳುವುದಿಲ್ಲ. ಹುಡುಗರು ಇದನ್ನು ಮೀಮು ಅಂತಾರೆ, ಟ್ರೋಲು ಅಂತಾರೆ. "ಅದೆಲ್ಲ ಟೈಂಪಾಸು ಕಣ್ರಯ್ಯಾ, ಅದಕ್ಕೆಂಥ ವಿಮರ್ಶೆ" ಅನ್ನುವ ಮೇಷ್ಟ್ರುಗಳಿದ್ದಾರೆ. ನಮ್ಮ ಅವ್ವಂದಿರ ಪದಗಳಿಗೂ ಒಂದು ಕಾಲಕ್ಕೆ ಇದೇ ಮಾತು ಹೇಳಿದ್ದರು.

ನಾವು ಇದನ್ನು ಸಾಹಿತ್ಯ ಅಂತಲೇ ಒಪ್ಪಿಕೊಂಡು, ಸಾಹಿತ್ಯಕ್ಕೆ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಬೇಕು ಅಂತ ಹೊರಟಿದ್ದೇವೆ. ಈ ನಗೆ ಹುಟ್ಟುವುದು ಎಲ್ಲಿ? ಬೆಳೆಯುವುದು ಹೇಗೆ? ಯಾರನ್ನು ನೋಡಿ ನಗುತ್ತೆ? ಕೊನೆಗೆ ಯಾರ ಮನೆ ಸೇರುತ್ತೆ?

ನಮ್ಮ ಕಡೆಯದೇ ಒಂದು ಉದಾಹರಣೆ ಹೇಳುತ್ತೇವೆ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು ನಮ್ಮ ಜನ ಮಾರಿಕಣಿವೆ ಅಂತಲೇ ಕರೆಯೋದು. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು, ಕೆಲಸ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಬೀಳಲಿಲ್ಲ. ಹಾಗಾಗಿ ನಮ್ಮ ಹಟ್ಟಿಯಲ್ಲಿ 'ಮಾರಿಕಣಿವೆ ಕೋಡಿ ಬಿದ್ದಾಗ' ಅಂದರೆ 'ಯಾವತ್ತೂ ಇಲ್ಲ' ಅಂತಲೇ ಅರ್ಥ. ನಮ್ಮ ತಾತ ಕೂಲಿ ಬಾಕಿ ಕೇಳೋಕೆ ಹೋದರೆ ಊರ ಗೌಡರು ಜಗಲಿ ಮೇಲಿಂದ "ಕೊಡಾನ ಕಣ್ಲಾ, ಮಾರಿಕಣಿವೆ ಕೋಡಿ ಬೀಳ್ಲಿ" ಅನ್ನುತ್ತಿದ್ದರಂತೆ. ಜಗಲಿ ಮೇಲೆ ಕೂತವರೆಲ್ಲ ನಗುತ್ತಿದ್ದರು. ಕೆಳಗೆ ನಿಂತ ತಾತನೂ ನಗಬೇಕಿತ್ತು. ನಗದಿದ್ದರೆ ನಾಳೆ ಕೆಲಸ ಇರುತ್ತಿರಲಿಲ್ಲ. ಹಸಿದವನ ಕೈಲಿ ಅವನ ಹಸಿವಿನ ಮೇಲೇ ನಗಿಸುವ ಈ ಕಲೆಯನ್ನು ಯಾವ ಹಾಸ್ಯಮೀಮಾಂಸೆಯೂ ಬರೆದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದೇಬಿಟ್ಟಿತು. ಜನ ಬಸ್ಸು, ಬೈಕು, ಟ್ರ್ಯಾಕ್ಟರು ಹತ್ತಿ ಜಾತ್ರೆಗೆ ಹೋದಂಗೆ ಹೋಗಿ ನೋಡಿ ಬಂದರು. ಅದಾದ ಎರಡನೆಯ ದಿನವೋ ಮೂರನೆಯ ದಿನವೋ ನಮ್ಮ ಹಟ್ಟಿ ಹುಡುಗರ ಗ್ರೂಪಿಗೆ ಒಂದು ಫೋಟೋ ಬಂತು. ಕೋಡಿ ನೀರು ಧುಮುಕುತ್ತಿದೆ. ಅದರ ಮೇಲೆ ಬರೆದಿತ್ತು: "ಗೌಡ್ರೇ, ಕೋಡಿ ಬಿತ್ತು. ಕೂಲಿ ಎಲ್ಲಿ?"

ಹಟ್ಟಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಆದದ್ದು ನೋಡಿ. ಚಿತ್ರದುರ್ಗದ ಹಾಸ್ಟೆಲ್ ಹುಡುಗರ ಗ್ರೂಪಿನಲ್ಲಿ ಅದು "ಸಾರ್, ಕೋಡಿ ಬಿತ್ತು. ಸ್ಕಾಲರ್‌ಶಿಪ್ ಎಲ್ಲಿ?" ಅಂತ ಆಯಿತು. ಮಾರನೆಯ ದಿನ "ಎಮ್ಮೆಲ್ಲೆ ಸಾಹೇಬ್ರೇ, ಕೋಡಿ ಬಿತ್ತು. ರಸ್ತೆ ಎಲ್ಲಿ?" ಅಂತ ಬಂತು. ಹೊಳಲ್ಕೆರೆ ಕಡೆಯ ಗೆಳೆಯನೊಬ್ಬ ಕಳಿಸಿದ್ದರಲ್ಲಿ "ಮಾವಾ, ಕೋಡಿ ಬಿತ್ತು. ಹುಡುಗಿ ಎಲ್ಲಿ?" ಅಂತಿತ್ತು. ಹೊಸದುರ್ಗದಿಂದ ಬಂದದ್ದು ಮಾತ್ರ ಬೇರೆ ಥರ ಇತ್ತು. ಆ ವರ್ಷ ಕಟ್ಟೆ ತುಂಬಿದಾಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಜಮೀನುಗಳಿಗೆ ನುಗ್ಗಿತ್ತು. ಅಲ್ಲಿಯವನೊಬ್ಬ ಬರೆದಿದ್ದ: "ಅಣ್ಣಾ, ಕೋಡಿ ಬಿತ್ತು. ನನ್ನ ತೋಟ ಎಲ್ಲಿ?"

ಒಂದೇ ಮಾತು, ನಾಲ್ಕು ತಾಲ್ಲೂಕು, ಐದು ಸಂಕಟ. ಯಾವ ಸಂಪಾದಕನೂ ಇದನ್ನು ಹೀಗೆ ಬರೆಯಿರಿ ಅಂತ ಹೇಳಿರಲಿಲ್ಲ.

ತಾತ ಈಗಿಲ್ಲ. ನಮ್ಮಪ್ಪನಿಗೆ ಮೊದಲನೆಯದನ್ನು ಓದಿ ಹೇಳಿದೆವು. ಅಪ್ಪ ನಕ್ಕ. ನಕ್ಕಾದ ಮೇಲೆ ಕೇಳಿದ: "ಇದ್ನ ಗೌಡ್ರ ಮನೆಗೂ ಕಳಿಸಿದ್ರಾ?"

ಕಳಿಸಿರಲಿಲ್ಲ. ನಾಲ್ಕು ತಾಲ್ಲೂಕು ಸುತ್ತಿದ ನಗೆ ನಮ್ಮೂರಿನ ಒಂದು ಬೀದಿಯನ್ನು ದಾಟಿರಲಿಲ್ಲ. ಅಪ್ಪನ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

2

ಈ ನಗೆಯ ಕಟ್ಟಡ ಬಿಚ್ಚಿ ನೋಡಬೇಕು. ಮೊದಲ ಭಾಗ ಗಟ್ಟಿ: ಕೋಡಿ ಬಿತ್ತು. ಎರಡನೆಯ ಭಾಗ ಖಾಲಿ: ಏನೋ ಒಂದು ಎಲ್ಲಿ? ಗಟ್ಟಿ ಭಾಗ ಎಲ್ಲರಿಗೂ ಗೊತ್ತಿರುವಂಥದ್ದು, ಖಾಲಿ ಭಾಗ ಯಾರು ಬೇಕಾದರೂ ತುಂಬಬಹುದಾದಂಥದ್ದು. ಪೂರ್ತಿಯಾದ ತಮಾಷೆಯನ್ನು ಜನ ಕೇಳ್ತಾರೆ, ನಗ್ತಾರೆ, ಮರೀತಾರೆ. ಅರ್ಧ ಬಿಟ್ಟ ತಮಾಷೆಗೆ ತಮ್ಮದೊಂದು ಸೇರಿಸುತ್ತಾರೆ. ಸೇರಿಸಿದ ಮೇಲೆ ಅದು ಅವರದೇ ಆಗುತ್ತೆ, ತಮ್ಮದನ್ನು ನಾಲ್ಕು ಜನಕ್ಕೆ ತೋರಿಸಬೇಕು ಅನ್ನಿಸುತ್ತೆ. ಹಬ್ಬುವುದರ ಗುಟ್ಟು ಬಹುಪಾಲು ಇಷ್ಟೆ.

ಇದು ಕಂಪ್ಯೂಟರ್ ಕಲಿಸಿದ ವಿದ್ಯೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮದುವೆ ಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳು ಅಂದಾಗ ಹೆಣ್ಣುಮಕ್ಕಳು ಕಟ್ಟುವ ಒಡಪಿನಲ್ಲಿ ಇರುವುದು ಇದೇ ಕಟ್ಟಡ. ಕಳೆ ತೆಗೆಯುವಾಗ ಒಬ್ಬಳು ಎತ್ತಿಕೊಟ್ಟ ಸೊಲ್ಲಿಗೆ ಸಾಲಿನವರೆಲ್ಲ ಒಂದೊಂದು ಸೇರಿಸಿ ಪದ ಬೆಳೆಸುವುದೂ ಹೀಗೇ. ಹಿರಿಯೂರಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಲಾರಿಗಳ ಬೆನ್ನ ಮೇಲೆ ಓಡಾಡುವ ಸಾಹಿತ್ಯ ಕಾಣುತ್ತೆ. ಒಂದೂರಿನ ಪೇಂಟರು ಬರೆದದ್ದನ್ನು ಇನ್ನೊಂದೂರಿನ ಪೇಂಟರು ನೋಡಿ, ಒಂದು ಪದ ಬದಲಾಯಿಸಿ ಇನ್ನೊಂದು ಲಾರಿಗೆ ಬರೆಯುತ್ತಾನೆ. ಲಾರಿಗೆ ತಿಂಗಳು ಹಿಡಿಯುತ್ತಿದ್ದ ಕೆಲಸ ಫೋನಿಗೆ ಒಂದು ಗಂಟೆ.

ಕಟ್ಟಡ ಒಂದಿದ್ದರೆ ಸಾಲದು, ಹದ ಬೇಕು. 2016ರಲ್ಲಿ 'ಜಾಗ್ವಾರ್' ಸಿನಿಮಾದ ಸಮಾರಂಭವೊಂದರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ವೇದಿಕೆ ಮೇಲಿಂದ "ನಿಖಿಲ್, ಎಲ್ಲಿದ್ದೀಯಪ್ಪಾ" ಅಂತ ಮಗನನ್ನು ಕೂಗಿದ್ದರು. ಮಗ ಜನರ ಮಧ್ಯೆ ಇದ್ದೀನಿ ಅಂತ ಹೇಳಿಕೊಂಡು ಬಂದಿದ್ದರು. ಅವತ್ತು ಅದು ನಾಡಿಗೆ ತಮಾಷೆ ಅನ್ನಿಸಲಿಲ್ಲ. 2019ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿ. ಅವರ ಮಗ, ಮಾಜಿ ಪ್ರಧಾನಿಯ ಮೊಮ್ಮಗ, ಮಂಡ್ಯದಲ್ಲಿ ಲೋಕಸಭೆಗೆ ನಿಂತರು. ಆಗ ಆ ಹಳೇ ತುಣುಕು ಎದ್ದು ಕೂತಿತು. ಶಾಲೆ ಮಕ್ಕಳ ಬಾಯಲ್ಲಿ, ಆಟೋದವರ ಬಾಯಲ್ಲಿ, ಹಾಜರಿ ಕರೆಯುವ ಮೇಷ್ಟ್ರ ಬಾಯಲ್ಲಿ ಅದೇ. ಆ ಮಾತನ್ನೇ ಸಿನಿಮಾ ಹೆಸರು ಮಾಡಿಕೊಳ್ಳಲು ವಾಣಿಜ್ಯ ಮಂಡಳಿಗೆ ಅರ್ಜಿ ಹಾಕಿದವರೂ ಇದ್ದರು. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲಿನ ಬೀಜ ಒಣಮಣ್ಣಲ್ಲಿ ವರ್ಷಗಟ್ಟಲೆ ಬಿದ್ದಿರುತ್ತೆ, ಹದ ಬಂದ ದಿನ ಏಳುತ್ತೆ. ಇಲ್ಲಿ ಹದ ಅಂದರೆ, ಮಗನಾದ ಮೇಲೆ ಮೊಮ್ಮಗ ಅಂತ ಬರುವ ಅಧಿಕಾರದ ಬಗ್ಗೆ ಜನರೊಳಗಿದ್ದ ಸಿಟ್ಟು. ಬೈಯಲು ಧೈರ್ಯ ಸಾಲದವನೂ "ಎಲ್ಲಿದ್ದೀಯಪ್ಪಾ" ಅಂತ ಕೇಳಬಹುದಿತ್ತು. ಬೈಗುಳಕ್ಕೆ ಕೇಸು ಹಾಕಬಹುದು, ಅಪ್ಪ ಮಗನನ್ನು ಕರೆದ ಮಾತಿಗೆ ಏನಂತ ಹಾಕೋದು?

ನಮ್ಮ ಚಳವಳಿಯ ನೆನಪಿನಲ್ಲೂ ಇಂಥದ್ದೊಂದು ಮಾತಿದೆ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಕೊಟ್ಟಿಗೆಯ ಪದ, ದನ ತಿನ್ನುವ ಪದ. ಫೋನಿಲ್ಲದ ಕಾಲದಲ್ಲಿ ಆ ಎರಡಕ್ಷರ ನಾಡೆಲ್ಲ ಹಬ್ಬಿತು. ಮೇಲ್ಜಾತಿ ಹುಡುಗರು ಅದನ್ನೇ ಬೈಗುಳ ಮಾಡಿ ದಲಿತ ವಿದ್ಯಾರ್ಥಿಗಳ ಮೇಲೆ ಎರಚಿದರು, ಹಾಸ್ಟೆಲುಗಳಿಗೆ ನುಗ್ಗಿ ಹೊಡೆದರು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆದರೆ ಅದೇ ಪೆಟ್ಟು ತಿಂದ ಹುಡುಗರು ಒಂದಾದರು, ಸಂಘಟನೆ ಕಟ್ಟಿದರು. ಒಂದು ಮಾತು ಹಬ್ಬುವಾಗ ಎರಡು ಕಡೆಗೂ ಬೆಳೆಯುತ್ತೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

3

ಹಬ್ಬಿದ ನಗೆ ಯಾರ ಆಸ್ತಿ? ಯಾರದೂ ಅಲ್ಲ, ಎಲ್ಲರದೂ ಅನ್ನುತ್ತಾರೆ. ಇದು ಕೇಳಲು ಚೆನ್ನಾಗಿದೆ. ಊರ ಕೆರೆಯನ್ನೂ ಎಲ್ಲರದೂ ಅಂತಲೇ ಹೇಳುತ್ತಿದ್ದರು. ನೀರು ಮುಟ್ಟಲು ಹೋದಾಗ ಗೊತ್ತಾಗುತ್ತಿತ್ತು, ಯಾರದು ಅಂತ.

2019ರ ಕೊನೆಯಲ್ಲಿ ಉಪಚುನಾವಣೆ ನಡೆಯುತ್ತಿತ್ತು. ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದ ಸಭೆಯಲ್ಲಿ ಸಿದ್ದರಾಮಯ್ಯನವರು ಮಾತಾಡುತ್ತಿದ್ದಾಗ ಜನರ ನಡುವಿಂದ ಒಬ್ಬ ಹಳ್ಳಿಯವನು "ಹೌದೋ ಹುಲಿಯಾ" ಅಂತ ಕೂಗಿದ. ಕೂಗು ಯಾರದೋ ಫೋನಿಗೆ ಸಿಕ್ಕಿತು. ಆಮೇಲೆ ಅದು ಹಾಡಾಯಿತು, ಡಿಜೆ ಆಯಿತು, ಬೈಕಿನ ನಂಬರ್ ಪ್ಲೇಟಿನ ಕೆಳಗೆ ಅಂಟಿಕೊಂಡಿತು, ವಿಧಾನಸೌಧದೊಳಕ್ಕೂ ಹೋಯಿತು. ಈಗ 'ಹುಲಿಯಾ' ಅಂದರೆ ಜನರ ಕಣ್ಣಿಗೆ ಬರುವುದು ನಾಯಕರ ಮುಖ. ಬಯಲಲ್ಲಿ ನಿಂತು ಮೆಚ್ಚಿಕೊಂಡು ಕೂಗುವುದು ಆ ಸೀಮೆಯ ಜನರ ರೂಢಿ. ಮಾತು ಆ ಜನರದು, ಗಂಟಲು ಒಬ್ಬ ಬಡವನದು, ಬಿರುದು ಮಾತ್ರ ಮೇಲಿದ್ದವರ ಪಾಲಾಯಿತು. ಕೂಗಿದವನು ಕುಡಿದಿದ್ದನೋ ಇಲ್ಲವೋ ಅನ್ನುವುದೇ ಟಿವಿಯವರಿಗೆ ದೊಡ್ಡ ವಿಷಯವಾಯಿತು. ಇಲ್ಲಿ ನಾವು ಆತನ ಹೆಸರು ಬರೆಯುತ್ತಿಲ್ಲ. ಆತನನ್ನು ಮತ್ತೊಮ್ಮೆ ಜಾತ್ರೆ ಮಾಡುವ ಇಷ್ಟ ನಮಗಿಲ್ಲ.

ಇನ್ನೊಂದು, ಚೊಂಬು. ಬೀದಿ ಕನ್ನಡದಲ್ಲಿ 'ಕೈಗೆ ಚೊಂಬು' ಅಂದರೆ ಏನೂ ಸಿಗಲಿಲ್ಲ ಅಂತ. ಯಾರು ಹೇಳಿದರು, ಯಾವಾಗ ಹೇಳಿದರು, ದೇವರಿಗೇ ಗೊತ್ತು. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನವರು ಕೇಂದ್ರ ಸರ್ಕಾರ ರಾಜ್ಯಕ್ಕೆ ಕೊಟ್ಟದ್ದು ಚೊಂಬು ಅಂತ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಹಾಕಿಸಿದರು. ದೇವೇಗೌಡರು ಅದೇ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದರು ಅಂತ ತಿರುಗೇಟು ಕೊಟ್ಟರು. ಬೀದಿಯ ಮಾತು ಎರಡೂ ಕಡೆಯ ವೇದಿಕೆ ಹತ್ತಿತು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಆ ಚೊಂಬಿಗೆ ಅರ್ಥ ಹುಡುಕಬೇಕಾಗಿರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಅಂತ ಓದಿದ್ದರು. ಚುನಾವಣೆ ಬಂದರೂ ದುಡ್ಡು ಬಂದಿರಲಿಲ್ಲ. ಅಡಿಕೆ ತೋಟದವನೂ ಮೆಕ್ಕೆಜೋಳದವನೂ ಶೇಂಗಾದವನೂ ಒಟ್ಟಿಗೆ ನಕ್ಕರು.

ನಮ್ಮ ಹಟ್ಟಿಯಲ್ಲಿ ಹುಡುಗರು ಆ ಚೊಂಬಿನ ಚಿತ್ರ ಹಿಡಿದು ನಗುತ್ತಿದ್ದಾಗ ಕಟ್ಟೆ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಏನ್ರಲೇ ಅದು ಅಂತ ಕೇಳಿದಳು. ಹೇಳಿದೆವು. ಅಜ್ಜಿ ಅಂದಳು: "ಇವರಿಗೆ ಚೊಂಬಾದ್ರೂ ಕೊಟ್ಟಾರೆ ಬಿಡ್ರಪ್ಪಾ. ನಮಗೆ ಚೊಂಬೂ ಮುಟ್ಟುಸ್ತಿರ್ಲಿಲ್ಲ. ಬೊಗಸೆ ಒಡ್ಡಬೇಕಿತ್ತು, ಮ್ಯಾಲಿಂದ ಹುಯ್ಯೋರು."

ಆ ಚುನಾವಣೆಯಲ್ಲಿ ನಾವು ಕೇಳಿದ ಮಾತುಗಳಲ್ಲೆಲ್ಲ ಇದೇ ದೊಡ್ಡದು. ಖಾಲಿ ಚೊಂಬು ಎಲ್ಲರಿಗೂ ಒಂದೇ ಅರ್ಥ ಅಂದುಕೊಂಡಿದ್ದ ನಮ್ಮ ಬಾಯಿ ಮುಚ್ಚಿಸಿತು. ಆದರೆ ಅದು ಯಾವ ಗ್ರೂಪಿಗೂ ಹೋಗಲಿಲ್ಲ. ಅಜ್ಜಿಗೆ ಫೋನಿಲ್ಲ. ಫೋನಿದ್ದ ನಾವು ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಅಂತ ನಮ್ಮನ್ನೇ ಕೇಳಿಕೊಂಡೆವು. ಹಾಸ್ಟೆಲು, ಕಾಲೇಜು ದಾಟಿ ಬಂದ ಮೇಲೆ ಸೇರಿದ ಗ್ರೂಪುಗಳಲ್ಲಿ ನಮ್ಮ ಹಟ್ಟಿ ಯಾವುದು ಅಂತ ಗೊತ್ತಿಲ್ಲದವರಿದ್ದರು. ಗೊತ್ತಾಗುವುದು ಬೇಡ ಅಂತ ಬೆರಳು ತಡೆಯಿತು. ಇದೇ ನಿಜವಾದ ಉತ್ತರ. ಹಬ್ಬಿದ್ದನ್ನು ಮಾತ್ರ ನೋಡುವ ವಿಮರ್ಶೆ ಅರ್ಧ ವಿಮರ್ಶೆ. ಹಬ್ಬದೆ ಉಳಿದದ್ದು ಯಾಕೆ ಉಳಿಯಿತು ಅಂತಲೂ ಕೇಳಬೇಕು.

4

'ಮೀಮ್' ಅನ್ನುವ ಪದ ಕೊಟ್ಟವರು ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರಲ್ಲಿ, 'ದಿ ಸೆಲ್ಫಿಶ್ ಜೀನ್' ಪುಸ್ತಕದಲ್ಲಿ. ರಾಗ, ಮಾತು, ಉಡುಪಿನ ಮೋಸ್ತರು ಇವೆಲ್ಲ ಒಂದು ತಲೆಯಿಂದ ಇನ್ನೊಂದು ತಲೆಗೆ ನಕಲಾಗುತ್ತ ಹೋಗುತ್ತವೆ, ಉಳಿಯುವ ಶಕ್ತಿ ಇದ್ದದ್ದು ಉಳಿಯುತ್ತದೆ ಅನ್ನುವುದು ಅವರ ವಾದ. ಬುದ್ಧಿವಂತ ವಾದ. ಆದರೆ ಇದನ್ನು ಓದಿದ ನಮ್ಮ ಪಟ್ಟಣದ ಗೆಳೆಯರು 'ತಾನಾಗಿ ಹಬ್ಬುತ್ತೆ' ಅನ್ನುವ ಒಂದೇ ಮಾತನ್ನು ಹಿಡಿದುಕೊಂಡಿದ್ದಾರೆ. ತಾನಾಗಿ ಅಂದ ತಕ್ಷಣ ಕೈ ಮಾಯವಾಗುತ್ತೆ.

ನಮ್ಮ ಜಿಲ್ಲೆಯ ಬೀಳುಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಯಾರೂ ಬಿತ್ತಿಲ್ಲ, ನಿಜ. ಆದರೆ ಆಡು ಕುರಿ ಕಾಯಿ ತಿಂದು ಹಿಕ್ಕೆ ಹಾಕಿದ ಕಡೆ ಹುಟ್ಟಿದೆ. ಬಡವರ ಒಲೆಗೆ ಸೌದೆಯೂ ಅದೇ, ಬರಿಗಾಲಿಗೆ ಮುಳ್ಳೂ ಅದೇ. ನಗೆಯೂ ಹಾಗೆ. ಯಾರೋ ತಿಂದು, ಯಾರೋ ಹೊತ್ತು, ಯಾವುದೋ ಮಣ್ಣಿಗೆ ಬಿದ್ದು ಹುಟ್ಟಿದ್ದು. ಆ ಮಣ್ಣಿನಲ್ಲಿ ಜಾತಿ ಇದ್ದರೆ ಬೆಳೆಯಲ್ಲೂ ಇರುತ್ತೆ.

ನಮ್ಮ ಡಿಗ್ರಿ ಬ್ಯಾಚಿನ ಗ್ರೂಪಿಗೆ ಒಂದು ದಿನ ಒಂದು ಚಿತ್ರ ಬಂತು. ಆಪರೇಷನ್ ಟೇಬಲ್ಲಿನ ಮೇಲೆ ರೋಗಿ, ಕೈಯಲ್ಲಿ ಕತ್ತರಿ ಹಿಡಿದ ಡಾಕ್ಟರು. ಡಾಕ್ಟರಿಗೆ ಸೀಟು ಕೋಟಾದಲ್ಲಿ ಸಿಕ್ಕಿದ್ದು ಅಂತ ಗೊತ್ತಾಗಿ ರೋಗಿ ಎದ್ದು ಓಡುತ್ತಿದ್ದಾನೆ. ಕೆಳಗೆ ನಗುವ ಮುಖಗಳ ಸಾಲು. ಎಣಿಸಿದೆವು, ಹದಿನೇಳು. ಕಳಿಸಿದವನು ಹೊರಗಿನವನಲ್ಲ. ಮೂರು ವರ್ಷ ಒಂದೇ ಬೆಂಚು, ಒಂದೇ ಟಿಫನ್ ಡಬ್ಬಿ. ಫೋನ್ ಮಾಡಿ ಕೇಳಿದೆವು.

"ಅಯ್ಯೋ, ನಾನು ಮಾಡಿದ್ದಲ್ಲ ಕಣೋ. ಯಾರೋ ಕಳ್ಸಿದ್ರು, ಫಾರ್ವರ್ಡ್ ಮಾಡ್ದೆ. ನಿನ್ ಬಗ್ಗೆ ಅಲ್ಲ ಅದು."

"ಹಂಗಾದ್ರೆ ಯಾರ ಬಗ್ಗೆ?"

ಆ ಕಡೆ ಮಾತಿರಲಿಲ್ಲ. ಆಮೇಲೆ ಅವನು ಅಂದ: "ತಮಾಷೆನ ತಮಾಷೆ ಥರ ತಗೋಬೇಕಪ್ಪ. ನೀವು ಬಹಳ ಸೆನ್ಸಿಟಿವ್ ಆಗೋದ್ರಿ."

'ನೀನು' ಅಂತ ಶುರುವಾದ ಮಾತು 'ನೀವು' ಅಂತ ಮುಗಿಯಿತು. ಅದು ಮರ್ಯಾದೆಯ ನೀವು ಅಲ್ಲ, ನೀವುಗಳು ಅನ್ನುವ ನೀವು. ಒಂದು ಫಾರ್ವರ್ಡಿನಲ್ಲಿ ಮೂರು ವರ್ಷದ ಡಬ್ಬಿ ಖಾಲಿಯಾಯಿತು.

ಹಿಂದೆ ನಮ್ಮ ಮೇಲೆ ನಕ್ಕವರಿಗೆ ಸಹಿ ಇತ್ತು. ಸಂವಿಧಾನ ತಯಾರಾಗುತ್ತಿದ್ದಾಗ, 1949ರಲ್ಲಿ, ಶಂಕರ್ ಅವರು ಬಾಬಾಸಾಹೇಬರನ್ನು ಬಸವನಹುಳುವಿನ ಮೇಲೆ ಕೂರಿಸಿ, ಹಿಂದೆ ನೆಹರೂ ಕೈಗೆ ಚಾಟಿ ಕೊಟ್ಟು ವ್ಯಂಗ್ಯಚಿತ್ರ ಬರೆದರು. ಅದು ಎನ್‌ಸಿಇಆರ್‌ಟಿ ಪಠ್ಯಪುಸ್ತಕಕ್ಕೆ ಬಂದಾಗ 2012ರಲ್ಲಿ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತು, ಚಿತ್ರ ತೆಗೆಯಬೇಕಾಯಿತು. 1932ರಿಂದ 1948ರವರೆಗೆ ಇಂಗ್ಲಿಷ್ ಪತ್ರಿಕೆಗಳು ಅಂಬೇಡ್ಕರ್ ಅವರನ್ನು ಹೇಗೆಲ್ಲ ಬರೆದು ನಕ್ಕವು ಅನ್ನುವುದನ್ನು ಉನ್ನಮತಿ ಶ್ಯಾಮಸುಂದರ್ ಒಟ್ಟು ಮಾಡಿ 2019ರಲ್ಲಿ ಪುಸ್ತಕ ತಂದರು. ಸಹಿ ಇದ್ದದ್ದರಿಂದ 63 ವರ್ಷ ಆದ ಮೇಲೂ ಕೇಳಲು ಆಯಿತು. ಸಹಿ ಇಲ್ಲದ ನಗೆಯನ್ನು ಯಾರಿಗೆ ಕೇಳುವುದು?

ಇನ್ನೊಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಉತ್ಸವದಲ್ಲಿ ಹುಡುಗರು ಅಂಬೇಡ್ಕರ್ ಹೆಸರನ್ನೂ ದಲಿತರನ್ನೂ ಗೇಲಿ ಮಾಡುವ ಪ್ರಹಸನ ಆಡಿದರು. ವಿಡಿಯೋ ಹೊರಗೆ ಬಂತು, ಪ್ರತಿಭಟನೆ ನಡೆಯಿತು, ಬಂಧನಗಳಾದವು. ಕಾನೂನಿನ ಮಾತು ಕಾನೂನಿಗೆ ಬಿಡೋಣ. ನಮ್ಮ ಪ್ರಶ್ನೆ ಬೇರೆ. ಆ ಹುಡುಗರಿಗೆ ವೇದಿಕೆ ಮೇಲೆ ಅದು ನಗು ತರಿಸುತ್ತೆ ಅಂತ ಮೊದಲೇ ಹೇಗೆ ಗೊತ್ತಿತ್ತು? ಫೋನಿನಲ್ಲಿ ಅಂಥ ನೂರು ನಗೆ ನೋಡಿ ಬೆಳೆದವರಿಗೆ ಮಾತ್ರ ಆ ಧೈರ್ಯ ಬರುತ್ತೆ. ಪ್ರಹಸನ ಆಡಿದವರು ಕೆಲವರು, ಕಲಿಸಿದ ಕೈಗಳು ಲೆಕ್ಕಕ್ಕೆ ಸಿಗದಷ್ಟು.

ಕೈ ಇದೆ ಅನ್ನುವುದಕ್ಕೆ ಕಂಪನಿಯವರದೇ ಸಾಕ್ಷಿ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿ ದೇಶದ ಎಷ್ಟೋ ಕಡೆ ಅಮಾಯಕರನ್ನು ಹೊಡೆದು ಕೊಂದರು. ನಮ್ಮ ಬೀದರ್ ಜಿಲ್ಲೆಯಲ್ಲೂ ಆಯಿತು. ಆ ವರ್ಷವೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ತಡೆ ಹಾಕಿತು, 'ಫಾರ್ವರ್ಡ್' ಅನ್ನುವ ಗುರುತು ಅಂಟಿಸಿತು. ಕೈಗೆ ತಡೆ ಹಾಕಬೇಕಾಯಿತು ಅಂದ ಮೇಲೆ ಹಬ್ಬಿಸುತ್ತಿದ್ದದ್ದು ಕೈಯೇ ತಾನೆ? ಇನ್ನು ರೀಲ್ಸು ತೋರಿಸುವ ಕಂಪನಿಗಳಿಗೆ ನಾವು ನಗಲಿ ಅಳಲಿ, ಕಣ್ಣು ಕೀಳದೆ ನೋಡುತ್ತಿದ್ದರೆ ಸಾಕು, ದುಡ್ಡು. ಪಕ್ಷಗಳ ಐಟಿ ಸೆಲ್ಲುಗಳಲ್ಲಿ ಇದೇ ಕೆಲಸಕ್ಕೆ ಸಂಬಳ ತಗೊಳ್ಳುವವರಿದ್ದಾರೆ. ಇಷ್ಟೆಲ್ಲ ಕೈ ಸೇರಿ ನೂಕಿದ್ದನ್ನು ತಾನಾಗಿ ಬಂತು ಅನ್ನುವುದು, ಹಣೆಬರಹ ಅಂತ ಹೇಳಿ ನಮ್ಮ ತಾತನನ್ನು ದುಡಿಸಿಕೊಂಡ ಮಾತಿನ ತಮ್ಮ.

5

ಡಾಕ್ಟರ ಚಿತ್ರಕ್ಕೆ ಉದ್ದನೆಯ ಉತ್ತರ ಬರೆದು ನೋಡಿದೆವು. ಸಂವಿಧಾನದ ಕಲಮುಗಳು, ಅಂಕಿ-ಅಂಶ, ಬಾಬಾಸಾಹೇಬರ ಮಾತು. ಯಾರೂ ಓದಲಿಲ್ಲ. ಆಗ ಚಿತ್ರದುರ್ಗದ ಹಾಸ್ಟೆಲ್ ರೂಮಿನಲ್ಲಿ ಕೂತು ನಾಲ್ಕು ಜನ ಸೇರಿ ಒಂದು ಒಗಟು ಕಟ್ಟಿದೆವು:

"ನೂರಕ್ಕೆ ನೂರು ಮೀಸಲಾತಿ. ಒಬ್ಬರೂ ಕೋರ್ಟಿಗೆ ಹೋಗಿಲ್ಲ, ಒಬ್ಬರೂ ಮೆರಿಟ್ ಕೇಳಿಲ್ಲ. ಯಾವ ಕೆಲಸ?"

ಉತ್ತರ: ಗುಂಡಿಗೆ ಇಳಿಯೋದು.

ಮಲ ಹೊರುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಬಾರದು ಅಂತ 1993ರಲ್ಲಿ ಒಂದು ಕಾಯ್ದೆ, ರಕ್ಷಣೆಯಿಲ್ಲದೆ ಗುಂಡಿಗೂ ಇಳಿಸಬಾರದು ಅಂತ 2013ರಲ್ಲಿ ಇನ್ನೊಂದು ಕಾಯ್ದೆ ಬಂದಿವೆ. ಆದರೂ ಸಾವಿನ ಸುದ್ದಿ ಬರುತ್ತಲೇ ಇದೆ, ಸತ್ತವರ ಜಾತಿ ಬದಲಾಗಿಲ್ಲ. ಒಗಟನ್ನು ಕಳಿಸಿ ಮರೆತೆವು.

ಹದಿನೈದು ದಿನ ಆದ ಮೇಲೆ ಹೊಸದುರ್ಗ ಕಡೆಯ ಪ್ರೈಮರಿ ಶಾಲೆ ಮೇಷ್ಟ್ರೊಬ್ಬರು "ನೋಡ್ರಿ, ಎಷ್ಟು ಚೆನ್ನಾಗೈತೆ" ಅಂತ ನಮಗೇ ಅದನ್ನು ಕಳಿಸಿದರು. ನಮ್ಮದೇ ಒಗಟು, ಆದರೆ ನಮ್ಮದಾಗಿ ಉಳಿದಿರಲಿಲ್ಲ. ಈಗ ಅದಕ್ಕೆ ಎರಡು ಉತ್ತರ ಇತ್ತು. ಒಂದು ಗುಂಡಿ, ಇನ್ನೊಂದು ಗುಡಿ. ಕೆಳಗೆ ಯಾರೋ ಸೇರಿಸಿದ್ದರು: "ವ್ಯತ್ಯಾಸ ಒಂದೇ ಸೊನ್ನೆ. ಸೊನ್ನೆ ನಮಗೆ ಬಂತು."

ನಾವು ಕವಿತೆ ಬರೆಯುವವರು. ನಾಲ್ಕು ಜನ ಕೂತು ರಾತ್ರಿಯೆಲ್ಲ ಕಟ್ಟಿದರೂ ಆ ಸೊನ್ನೆ ನಮಗೆ ಕಂಡಿರಲಿಲ್ಲ. ಕಂಡವನು ಯಾರು? ಹೊಳಲ್ಕೆರೆಯ ಯಾವುದೋ ತೋಟದ ಕೂಲಿಯೋ, ಹಿರಿಯೂರಿನ ಗ್ಯಾರೇಜಿನ ಹುಡುಗನೋ, ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ಅಕ್ಕೋರೋ. ನಮಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಇಷ್ಟು ಜನ ಜೊತೆಗಿದ್ದಾರಲ್ಲ ಅಂತ ಸಂತೋಷವಾಯಿತು. ಹೆಸರಿಲ್ಲದೆ ಹಬ್ಬುವುದರ ಒಳ್ಳೆಯ ಮುಖ ಇದು. ನಮ್ಮನ್ನು ಗೇಲಿ ಮಾಡುವ ಕೈಗಳು ಎಷ್ಟಿವೆಯೋ, ನಮ್ಮ ಮಾತನ್ನು ತಿದ್ದಿ ಚೂಪು ಮಾಡುವ ಕೈಗಳೂ ಅಷ್ಟೇ ಇವೆ.

ಒಂದು ತಕರಾರನ್ನೂ ಹೇಳಬೇಕು. ಗುಡಿಯ ಉತ್ತರ ಪೂರ್ತಿ ಸರಿಯಲ್ಲ. ನಮ್ಮ ಕಡೆ ಮಾರಮ್ಮನ ಗುಡಿಗಳಲ್ಲಿ ನಮ್ಮವರೇ ಪೂಜೆ ಮಾಡುವುದುಂಟು. ಒಗಟು ಕಂದಾಯದ ಲೆಕ್ಕಪುಸ್ತಕ ಅಲ್ಲ ನಿಜ, ಆದರೆ ನಾವು ಕೂಡ ಸುಲಭದ ನಗೆಗೆ ಅರ್ಧ ಸತ್ಯವನ್ನು ಪೂರ್ತಿ ಅಂತ ದಾಟಿಸಬಾರದು.

ಅದಕ್ಕಿಂತ ದೊಡ್ಡ ತಕರಾರು ನಮ್ಮ ಮೇಲೇ ಇದೆ. ಒಳಮೀಸಲಾತಿ ಬಗ್ಗೆ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ 6, 6, 5 ಅಂತ ಹಂಚಿಕೆ ಮಾಡಿತು. ಆ ಒಂದು ವರ್ಷದಲ್ಲಿ ಎಡಗೈಯವರ ಗ್ರೂಪಿನಲ್ಲಿ ಬಲಗೈಯವರ ಮೇಲೆ, ಬಲಗೈಯವರ ಗ್ರೂಪಿನಲ್ಲಿ ಎಡಗೈಯವರ ಮೇಲೆ ಎಂಥೆಂಥ ನಗೆ ಓಡಾಡಿತು ಅಂತ ನಮಗೆಲ್ಲ ಗೊತ್ತು. ಉಣ್ಣುವುದರ ಮೇಲೆ, ಕಸುಬಿನ ಮೇಲೆ, ಮನೆದೇವರ ಮೇಲೆ. ಜಗಲಿಯವರು ನಮ್ಮ ಮೇಲೆ ನಕ್ಕ ನಗೆಯನ್ನೇ ನಾವು ಪಕ್ಕದ ಹಟ್ಟಿಯವರ ಮೇಲೆ ತಿರುಗಿಸಿದೆವು. ಇನ್ನು ಹೆಂಡತಿಯನ್ನು ಗೇಲಿ ಮಾಡುವ ತಮಾಷೆ ಬಂದರೆ ಕ್ರಾಂತಿಗೀತೆ ಹಾಡುವ ಗೆಳೆಯರೂ ಮೊದಲು ಫಾರ್ವರ್ಡ್ ಒತ್ತುತ್ತಾರೆ. ಒಬ್ಬ ತಂಗಿ ಅದನ್ನು ಪ್ರಶ್ನಿಸಿದಾಗ ನಮ್ಮಲ್ಲೊಬ್ಬ ಕೊಟ್ಟ ಉತ್ತರ: "ತಮಾಷೆನ ತಮಾಷೆ ಥರ ತಗೋಬೇಕಮ್ಮ." ಡಿಗ್ರಿ ಗೆಳೆಯನ ಅದೇ ಮಾತು. ಅವನಿಂದ ನಮಗೆ ಬಂದದ್ದನ್ನು ನಾವು ಒಂದಕ್ಷರ ಬಿಡದೆ ಹಬ್ಬಿಸಿದ್ದೆವು.

6

ಹಾಗಾದರೆ ನಗುವುದೇ ಬೇಡವೇ? ಹಾಗೆ ಹೇಳಿದವರನ್ನು ನಮ್ಮ ಅಜ್ಜಿಯಂದಿರು ಹಟ್ಟಿಯಿಂದ ಆಚೆ ಓಡಿಸುತ್ತಾರೆ. ನಗು ಇಲ್ಲದಿದ್ದರೆ ನಮ್ಮ ಜನ ಇಷ್ಟು ಶತಮಾನ ಬದುಕಿ ಉಳಿಯುತ್ತಿರಲಿಲ್ಲ. ನಮ್ಮ ಮಾತು ಇಷ್ಟೆ: ಕಳಿಸುವ ಮುಂಚೆ ಬೆರಳು ಒಂದು ಗಳಿಗೆ ನಿಲ್ಲಲಿ. ಇದರಲ್ಲಿ ಜಗಲಿ ಮೇಲೆ ಕೂತು ನಗುವವರು ಯಾರು, ಕೆಳಗೆ ನಿಂತವರು ಯಾರು? ಮಾತು ಯಾರ ಬಾಯಿಂದ ಬಂತು, ಬಿರುದು ಯಾರಿಗೆ ಹೋಯಿತು? ಇದಕ್ಕೆ ನಮ್ಮ ಸಹಿ ಹಾಕಲು ತಯಾರಿದ್ದೇವೆಯೇ? ತಯಾರಿಲ್ಲದಿದ್ದರೆ ಕಳಿಸುವುದು ಬೇಡ. ತಯಾರಿದ್ದರೆ ಧೈರ್ಯವಾಗಿ ಕಳಿಸಿ, ನಮ್ಮವರ ಗ್ರೂಪಿಗೆ ಮಾತ್ರ ಅಲ್ಲ, ಬೀದಿ ದಾಟಿ ಕಳಿಸಿ.

ಶಾಲೆಗಳಲ್ಲಿರುವ ಗೆಳೆಯರಲ್ಲಿ ಒಂದು ಕೋರಿಕೆ. ಗಾದೆ, ಒಗಟು ಬರೆದುಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳುತ್ತೀರಲ್ಲ, ಹಾಗೇ ಹಟ್ಟಿ, ಕೇರಿ, ತೋಟ, ಗಾರ್ಮೆಂಟ್ಸು ಇಲ್ಲೆಲ್ಲ ಹುಟ್ಟಿ ಫೋನಿಗೆ ಹತ್ತದೆ ಉಳಿದ ಮಾತುಗಳನ್ನು ಬರೆಸಿ. ಹೇಳಿದವರು ಒಪ್ಪಿದರೆ ಹೆಸರೂ ಬರೆಸಿ. ಬೊಗಸೆಯ ಮಾತು ಹೇಳಿದ ಅಜ್ಜಿಯಂಥವರು ಪ್ರತಿ ಊರಲ್ಲೂ ಇದ್ದಾರೆ. ಅವರು ಹೋದ ಮೇಲೆ ಆ ಮಾತು ಯಾವ ಕಂಪನಿಯ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಈ ಸಲ ಗ್ರೂಪಿನಲ್ಲಿ ಹಳೇ ಫೋಟೋವನ್ನೇ ಯಾರೋ ಹಾಕಿ "ಗೌಡ್ರೇ, ಈಗ ಬಡ್ಡಿ ಎಲ್ಲಿ?" ಅಂತ ಬರೆದರು. ನಕ್ಕೆವು. ಅಪ್ಪನ ಪ್ರಶ್ನೆ ಆಗಲೂ ಹಾಗೇ ಇತ್ತು. ಈ ಸಂಚಿಕೆ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿಯನ್ನು ತಗೊಂಡು ಆ ಮನೆಯ ಜಗಲಿ ಹತ್ತುವುದು ಅಂತ ತೀರ್ಮಾನ ಮಾಡಿದ್ದೇವೆ. ಗೌಡರ ಮೊಮ್ಮಗ ನಮ್ಮ ಜೊತೆಯೇ ಓದಿದವನು. ಓದಿ ನಗುತ್ತಾನೋ, ಸಿಟ್ಟಾಗುತ್ತಾನೋ, ಬಾಕಿಯ ಲೆಕ್ಕ ತೆಗೆಯುತ್ತಾನೋ, ಬರುವ ಸಂಚಿಕೆಗೆ ಬರೆದು ಕಳಿಸುತ್ತೇವೆ.